ಕೂಸಿನ ಕುತ್ತಿಗಿ ಮ್ಯಾಲೆ ಸಣ್ಣ ತೂತು, ನೀರು ಒಸರ್ತೈತಿ, ಯಾಕ?

ಬೆಟಗೇರಿ_ಅಪ್ಪ:
ನಮಸ್ಕಾರ್ರಿ ಎಲ್ಲಾರಿಗೂ. ಮಗಳಿಗೆ ನಾಕು ವರ್ಷ, ಹುಟ್ಟಿದಾಗಿಂದ ಬಲಗಡೆ ಕುತ್ತಿಗಿ ಕೆಳಗ ಸೂಜಿ ಚುಚ್ಚಿದಷ್ಟ ತೂತು ಐತಿ, ಆಗಾಗ ಲೋಳಿ ನೀರು ಬಂದು ಫ್ರಾಕಿನ ಕಾಲರ್ ಹಸಿ ಆಗ್ತೈತಿ. ಗದಗದಾಗ ತೋರ್ಸಿದ್ವಿ, ಬ್ರ್ಯಾಂಕಿಯಲ್ ಫಿಸ್ಟುಲಾ ಅಂದ್ರ ಕುತ್ತಿಗಿ ಒಳಗಿಂದ ತೊಗಲಿನ ತನಕ ಉಳಿದ ಸಣ್ಣ ದಾರಿ, ಹೊಟ್ಟ್ಯಾಗ ಇದ್ದಾಗನ ಆಗಿದ್ದು, ಆಪರೇಷನ್ ಬೇಕು ಅಂದ್ರು. ಮನ್ಯಾಗ ಹಿರ್ಯಾರು ಗ್ರಹಣದಾಗ ಹೊರಗ ಬಂದಿದ್ದಿ ಅದಕ್ಕ ಹಿಂಗಾತು ಅಂತ ನನ್ನ ಹೆಂಡ್ತಿಗೆ ಅಂತಾರ, ಅಕಿ ಅಳಕೋಂತ ಕುಂದರ್ತಾಳ. ಖರೇನ ಏನ್ ಆಗಿರ್ತೈತ್ರಿ ಹೊಟ್ಟ್ಯಾಗ?

ಹುಬ್ಬಳ್ಳಿ_ಮೆಡಿಕೋ:
ಅಣ್ಣಾರ, ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ರಿ, ಮೊದ್ಲ ವೈನಿಗೆ ಇದನ್ನ ಹೇಳ್ರಿ. 4-5ನೇ ವಾರದಾಗ ಕೂಸಿಗೆ ಕುತ್ತಿಗಿನ ಇರೂದಿಲ್ಲ, ಗಂಟಲಾಗೂ ಜಾಗದ ಎರಡೂ ಬದಿಗೆ ಒಂದರ ಕೆಳಗೊಂದು ಉಬ್ಬು ಏಳ್ತಾವ, ಅವಕ್ಕ ಫ್ಯಾರಿಂಜಿಯಲ್ ಆರ್ಚ್ ಅಂತೀವಿ. 1, 2, 3, 4, 6 ಅಂತ ಲೆಕ್ಕ, 5ನೇದು ಮನಷ್ಯಾರಾಗ ಉಳಿಯೂದಿಲ್ಲ. ಒಂದೊಂದಕ್ಕೂ ತಂದ ನರ, ತಂದ ರಕ್ತನಾಳ. ಮೊದಲ್ನೇದ್ರಿಂದ ದವಡಿ, ಅಗಿಯೂ ಸ್ನಾಯು, ಎರಡ್ನೇದ್ರಿಂದ ನಗಾಕ ಬೇಕಾಗೂ ಮಾರಿ ಸ್ನಾಯು, ಕಿವ್ಯಾಗಿನ ಸ್ಟೇಪೀಸ್ ಎಲುಬು.
ಈಗ ನಿಮ್ಮ ವಿಷಯ. ಉಬ್ಬಿನ ನಡುವ ಹೊರಗಡೆ ಸೀಳು ಇರ್ತಾವ, ಮೊದಲ್ನೇ ಸೀಳು ಕಿವಿ ತೂತಿನ ದಾರಿ ಆಗಿ ಉಳಿತೈತಿ, ಉಳಿದವನ್ನ 2ನೇ ಆರ್ಚ್ ಕೆಳಗ ಬೆಳಕೋಂತ ಬಂದು ಸೆರಗು ಹೊಚ್ಚಿದಂಗ ಮುಚ್ಚತೈತಿ, ಒಳಗಿನ ಪೊಳ್ಳು ತಾನ ಅಳಿಸಿ ಹೋಗಬೇಕು. ಅದು ಪೂರಾ ಅಳಿಸಲಿಲ್ಲಂದ್ರ ಹಿಂಗ ದಾರಿ ಉಳಿತೈತಿ. ತಾಯಿ ಏನೋ ಮಾಡಿದ್ಲು ಅಂತ ಆಗೂದಲ್ರಿ ಇದು.

ರಾಣೆಬೆನ್ನೂರ_ಅಕ್ಕ:
ನಮ್ಮ ಅಣ್ಣನ ಮಗಗೂ ಇದ ಆಗಿತ್ತು, ಆಪರೇಷನ್ ಆಗಿ ಈಗ ಆರಾಮ ಅದಾನ. ಒಂದ ಮಾತು, ಒತ್ತಿ ನೀರು ತಗಿಯಾಕ ಹೋಗಬ್ಯಾಡ್ರಿ, ಕೀವು ಆದ್ರ ಮೊದ್ಲ ಅದು ಮಾಯಬೇಕು, ಆಮ್ಯಾಲೆ ಆಪರೇಷನ್.

ಬೆಟಗೇರಿ_ಅಪ್ಪ:
ಭಾಳ ಉಪಕಾರ ಆತ್ರಿ, ಇಬ್ರಿಗೂ. ಹೆಂಡ್ತಿಗೆ ಓದಿ ಹೇಳ್ದೆ. ಸಣ್ಣ ತೂತಿಗೆ ಕುತ್ತಿಗಿ ಮ್ಯಾಲೆ ಎರಡು ಕಡೆ ಕೊಯ್ಯಬೇಕಾಗಬಹುದು ಅಂದಾರ, ಅಷ್ಟ್ಯಾಕ?

ಹುಬ್ಬಳ್ಳಿ_ಮೆಡಿಕೋ:
ತೂತು ಸಣ್ಣದು, ದಾರಿ ಉದ್ದ ಐತ್ರಿ. ಪೂರಾ ಫಿಸ್ಟುಲಾ ಇದ್ರ ಅದು ಕೆರೋಟಿಡ್ ರಕ್ತನಾಳದ ಎರಡು ಕವಲಿನ ನಡುವ ಹಾದು ಒಳಗ ಟಾನ್ಸಿಲ್ ಹತ್ರ ತೆರಿತೈತಿ, ಟಾನ್ಸಿಲ್ ಜಾಗಾನೂ 2ನೇ ಆರ್ಚಿನ ಒಳಗಿನ ಚೀಲದಿಂದನ ಆಗಿರೂದು. ಅರ್ಧಕ್ಕ ಬಿಟ್ರ ಮತ್ತ ಬರ್ತೈತಿ, ಅದಕ್ಕ ಮ್ಯಾಲೆ ಇನ್ನೊಂದು ಸಣ್ಣ ಗೆರಿ ಹಾಕಿ ಪೂರಾ ತಗಿತಾರ. ಇನ್ನೊಂದು, ಮಗಳ ಕಿವಿ ಮುಂದ ತೂತು ಐತೇನು, ಇಲ್ಲಾ ಮನ್ಯಾಗ ಯಾರಿಗರ ಕಿವಿ ಮಂದ, ಕಿಡ್ನಿ ತೊಂದ್ರಿ ಇದ್ರ ಆಪರೇಷನ್ನಿಗೆ ಮೊದ್ಲ ಡಾಕ್ಟರಿಗೆ ಹೇಳ್ರಿ, ಕೆಲವು ಮನಿತನದಾಗ ಇವು ಕೂಡೇ ಬರ್ತಾವ, ಕಿವಿ ಟೆಸ್ಟು, ಕಿಡ್ನಿ ಸ್ಕ್ಯಾನಿಂಗ್ ಮಾಡ್ಸಾಕ ಹೇಳಬಹುದು.