ಅವ್ವನ ಸೊಂಟಕ್ಕೆ ಎರಡನೇ ಎಕ್ಸ್‌ರೇ ಬೇಕಿತ್ತಾ?

ಸೇಡಂ ರೋಡ್: ಅವ್ವನಿಗೆ ಸೊಂಟನೋವು. ಕಲಬುರಗಿಯಲ್ಲೇ ಎಕ್ಸ್‌ರೇ ಆಗಿತ್ತು. ಅದೇ ವಾರ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರೆ ಡಾಕ್ಟರ್ ಹಳೇ ಫಿಲ್ಮಿನ ಕವರ್ ಕೂಡ ಬಿಚ್ಚಲಿಲ್ಲ, ಹೊಸದು ತೆಗೆಸಿ ಅಂದರು. ಇಷ್ಟು ರೇಡಿಯೇಷನ್ ಮೈಗೆ ಹೋದರೆ ಏನೂ ಆಗಲ್ವಾ?

ಬೀದರ್ ಕೋಟೆ: ಸುಮ್ನೆ ಹೆದರಬೇಡಿ. ಎದೆಯ ಒಂದು ಎಕ್ಸ್‌ರೇಗೆ 0.1 ಮಿಲಿಸೀವರ್ಟ್ (ಮೈಗೆ ಬೀಳೋ ರೇಡಿಯೇಷನ್ ಅಳೆಯೋ ಮಾಪ) ಕೂಡ ದಾಟಲ್ಲ. ನೆಲ, ಗಾಳಿ, ಆಕಾಶ, ತಿನ್ನೋ ಅನ್ನ ಎಲ್ಲದರಿಂದ ಸೇರಿ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತದೆ.

ಡಾರ್ಕ್‌ರೂಮ್: ಎದೆಯ ಲೆಕ್ಕ ಸೊಂಟಕ್ಕೆ ಹಾಕಬೇಡಿ ಅಣ್ಣಾ. ನಾನು ಎಕ್ಸ್‌ರೇ ತೆಗೆಯೋ ಕೆಲಸದವನು. ಶ್ವಾಸಕೋಶದಲ್ಲಿ ಗಾಳಿ ಇರುತ್ತೆ, ಕಿರಣ ಸಲೀಸಾಗಿ ದಾಟುತ್ತದೆ. ಸೊಂಟ ದಪ್ಪ, ಜಾಸ್ತಿ ಬಿಡಬೇಕು. ಮುಂದಿನಿಂದ ಒಂದು, ಮಗ್ಗುಲಿಂದ ಒಂದು ತೆಗೆದರೆ 1ರಿಂದ 1.5 ಮಿಲಿಸೀವರ್ಟ್ ಆಗುತ್ತದೆ. ಅದೂ ಹೆದರುವಷ್ಟಲ್ಲ. ಹೊಟ್ಟೆಯ ಸಿಟಿ ಸ್ಕ್ಯಾನ್ ಆದರೆ 8ರಿಂದ 10.

ಯಾದಗಿರಿ ಅಕ್ಕ: ಹಂಗಾದರೆ ರೋಗಿಗೆ ವರ್ಷಕ್ಕೆ ಇಷ್ಟೇ ಅಂತ ಲಿಮಿಟ್ ಇಲ್ವಾ?

ಡಾರ್ಕ್‌ರೂಮ್: ಇಲ್ಲ ಅಕ್ಕಾ. ನಮಗೆ ಇದೆ. ಎಇಆರ್‌ಬಿ, ಅಂದರೆ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಮೈಗೆ ಎಷ್ಟು ಕಿರಣ ಬಿತ್ತು ಅಂತ ಅಳೆಯೋ ಬ್ಯಾಡ್ಜ್ ಎದೆಗೆ ಸಿಕ್ಕಿಸಿಕೊಂಡಿರುತ್ತೇವೆ, ಅದನ್ನು ಆಗಾಗ ಪರೀಕ್ಷೆಗೆ ಕಳಿಸುತ್ತಾರೆ. ರೋಗಿಗೂ ಲಿಮಿಟ್ ಹಾಕಿದರೆ ಕಾಲು ಮುರಿದವನಿಗೆ ನಿನ್ನ ಕೋಟಾ ಮುಗೀತು ಅನ್ನಬೇಕಾಗುತ್ತೆ. ಅದಕ್ಕೇ ಅಲ್ಲಿ ನೋಡಬೇಕಾದ್ದು ಬೇರೆ: ಈ ಎಕ್ಸ್‌ರೇ ಬೇಕೇ ಬೇಕಾ? ಬೇಕಾದರೆ ಎಷ್ಟು ಕಮ್ಮಿ ಕಿರಣದಲ್ಲಿ ಮುಗಿಸಬಹುದು?

ಸೇಡಂ ರೋಡ್: ನಾನೂ ಅದನ್ನೇ ಕೇಳ್ತಿರೋದು. ಬೇಕೇ ಬೇಕಿತ್ತಾ?

ಬೀದರ್ ಕೋಟೆ: ಡಾಕ್ಟರ್ ಕಷ್ಟನೂ ನೋಡ್ರಿ. ಫಿಲ್ಮ್ ಕಪ್ಪಾಗಿದ್ದರೆ, ಮಗ್ಗುಲಿಂದ ತೆಗೆದದ್ದು ಇಲ್ಲದಿದ್ದರೆ ಅವರೇನು ಮಾಡಬೇಕು? ನಮ್ಮ ಕಡೆಯವರು ಹೈದರಾಬಾದಿಗೆ ಹೋಗಿ ಮೊಬೈಲಲ್ಲಿ ಫಿಲ್ಮಿನ ಫೋಟೊ ತೋರಿಸ್ತಾರೆ. ಅದರಲ್ಲಿ ಮೂಳೆಗಿಂತ ಟ್ಯೂಬ್‌ಲೈಟೇ ಚೆನ್ನಾಗಿ ಕಾಣುತ್ತೆ.

ಸೇಡಂ ರೋಡ್: ನೋಡಿ ಸರಿಯಿಲ್ಲ ಅಂದಿದ್ದರೆ ಒಪ್ಪುತ್ತಿದ್ದೆ. ನೋಡಲೇ ಇಲ್ಲವಲ್ಲ.

ಯಾದಗಿರಿ ಅಕ್ಕ: ಹಳೇದು ನೋಡಿದರೆ ಬಿಲ್ ಆಗಲ್ಲ ತಮ್ಮಾ.

ಬೀದರ್ ಕೋಟೆ: ಎಲ್ಲರನ್ನೂ ಕಳ್ಳರು ಅನ್ನಬೇಡಿ ಅಕ್ಕಾ.

ಯಾದಗಿರಿ ಅಕ್ಕ: ಎಲ್ಲರನ್ನೂ ಅಂದಿಲ್ಲ. ಕವರ್ ಬಿಚ್ಚದವರನ್ನು ಅಂದೆ.

ಡಾರ್ಕ್‌ರೂಮ್: ಜಗಳ ಬಿಡಿ. ಡಿಜಿಟಲ್ ಎಕ್ಸ್‌ರೇ ಆಗಿದ್ದರೆ ಫಿಲ್ಮ್ ಜೊತೆ ಸಿಡಿ ಕೇಳಿ ಇಸ್ಕೊಳ್ಳಿ. ಅದರಲ್ಲಿ ಡಾಕ್ಟರ್ ಬೆಳಕು ಹೆಚ್ಚು ಕಮ್ಮಿ ಮಾಡಿ ನೋಡಬಹುದು, ಕಪ್ಪಾಗಿದೆ ಅನ್ನೋ ಮಾತೇ ಬರಲ್ಲ. ಮತ್ತೆ ತೆಗೆಸಿ ಅಂದರೆ ಹಳೇದರಲ್ಲಿ ಏನು ಕಾಣ್ತಿಲ್ಲ ಅಂತ ಕೇಳಿ. ಕೇಳೋದು ತಪ್ಪಲ್ಲ. ಬಸುರಿ ಹೆಂಗಸರಾದರೆ ರೂಮಿನ ಒಳಗೆ ಹೋಗೋ ಮೊದಲೇ ಹೇಳಬೇಕು, ನಾವು ಕೇಳಲಿ ಬಿಡಲಿ.

ಸೇಡಂ ರೋಡ್: ಸಿಡಿಗೆ ಬೇರೆ ದುಡ್ಡು ಕೇಳ್ತಾರಾ?

ಡಾರ್ಕ್‌ರೂಮ್: ಕೆಲವು ಕಡೆ ಕೇಳ್ತಾರೆ. ಇನ್ನೊಂದು ಎಕ್ಸ್‌ರೇಗಿಂತ ಕಮ್ಮಿನೇ.