ತತ್ವಕ್ಕೆ ಹೊಂದುವ ಮೂರನೇ ಪಕ್ಷಕ್ಕೆ ಓಟು ಹಾಕಿದರೆ ಅದು ವ್ಯರ್ಥವಾ?

ಪ್ರಶ್ನೆ

ನಾನಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಓಟು ಇಲ್ಲೇ ಇದೆ. ನನ್ನದು ಮೊದಲಿನಿಂದಲೂ ಸಂಪ್ರದಾಯವಾದಿ ನಿಲುವು. ಗರ್ಭಪಾತ ಬೇಡ, ಸರ್ಕಾರ ಚಿಕ್ಕದಾಗಿರಬೇಕು, ಸಾಲ ತಂದು ಖರ್ಚು ಮಾಡಬಾರದು. ಇಷ್ಟು ವರ್ಷ ಕಣ್ಣುಮುಚ್ಚಿ ರಿಪಬ್ಲಿಕನ್ನರಿಗೇ ಹಾಕಿದ್ದೇನೆ. ಈಗ ಮನಸ್ಸು ಒಪ್ಪುತ್ತಿಲ್ಲ. 2024ರ ಪ್ರಣಾಳಿಕೆಯಲ್ಲಿ ಗರ್ಭಪಾತದ ವಿಷಯವನ್ನು ರಾಜ್ಯಗಳಿಗೆ ಬಿಟ್ಟು, ದೇಶಮಟ್ಟದ ನಿರ್ಬಂಧದ ಹಳೆಯ ಮಾತನ್ನೇ ಕೈಬಿಟ್ಟರು. ದೇಶದ ಸಾಲ 2024ರ ಕೊನೆಗೇ 36 ಟ್ರಿಲಿಯನ್ ಡಾಲರ್ ದಾಟಿತು, ಯಾರೇ ಬಂದರೂ ಏರುತ್ತಲೇ ಇದೆ. ಕಾನ್‌ಸ್ಟಿಟ್ಯೂಷನ್ ಪಕ್ಷ ಅಂತ ಒಂದು ಸಣ್ಣ ಸಂಪ್ರದಾಯವಾದಿ ಪಕ್ಷ ಇದೆ, ಅವರು ಹೇಳುವುದನ್ನು ಓದಿದರೆ ನನ್ನ ಮಾತನ್ನೇ ಯಾರೋ ಬರೆದಿಟ್ಟ ಹಾಗಿದೆ. ಆದರೆ ಮನೆಯಲ್ಲಿ ಎಲ್ಲರೂ "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ" ಅಂತಾರೆ. ನೀವೇನಂತೀರಿ?

ಉತ್ತರ 1

ನಿಮ್ಮ ಬೇಸರ ಅರ್ಥವಾಗುತ್ತೆ. ಆದರೆ ನೀವಿರುವ ರಾಜ್ಯ ಯಾವುದು ನೋಡಿ. 2020ರಲ್ಲಿ ಜಾರ್ಜಿಯಾದಲ್ಲಿ ಬೈಡನ್ ಗೆದ್ದದ್ದು 11,779 ಓಟುಗಳಿಂದ. ಚಿಕ್ಕ ಸರ್ಕಾರ ಬೇಕು ಅನ್ನುವ ಮೂರನೇ ಪಕ್ಷ ಲಿಬರ್ಟೇರಿಯನ್‌ನ ಜೋ ಜಾರ್ಗೆನ್ಸನ್‌ಗೆ ಬಿದ್ದದ್ದು 62 ಸಾವಿರಕ್ಕೂ ಜಾಸ್ತಿ. ಅದೇ ವರ್ಷದ ಸೆನೆಟ್ (ಸಂಸತ್ತಿನ ಮೇಲ್ಮನೆ) ಚುನಾವಣೆಯಲ್ಲಿ ರಿಪಬ್ಲಿಕನ್ ಡೇವಿಡ್ ಪರ್ಡ್ಯೂ 49.7 ಶೇಕಡಕ್ಕೆ ಬಂದು ನಿಂತರು. 50 ದಾಟಬೇಕಿತ್ತು. ಲಿಬರ್ಟೇರಿಯನ್ ಅಭ್ಯರ್ಥಿ 2.3 ಶೇಕಡ ತೆಗೆದುಕೊಂಡಿದ್ದರು. ಮೊದಲ ಇಬ್ಬರ ನಡುವೆ ಮರುಚುನಾವಣೆ ಆಗಿ 2021ರ ಜನವರಿಯಲ್ಲಿ ಸೀಟೂ ಹೋಯಿತು, ಸೆನೆಟ್ಟೂ ಕೈತಪ್ಪಿತು. ನ್ಯಾಯಾಧೀಶರ ನೇಮಕಕ್ಕೆ ಒಪ್ಪಿಗೆ ಕೊಡುವುದು ಸೆನೆಟ್ಟೇ ಅಲ್ವಾ? ಗರ್ಭಪಾತ ಸಂವಿಧಾನದ ಹಕ್ಕಲ್ಲ ಅಂದ ಸುಪ್ರೀಂ ಕೋರ್ಟಿನ 2022ರ ತೀರ್ಪು ಬಂದದ್ದು ಅಂಥ ನೇಮಕಗಳಿಂದಲೇ. ಪ್ರಣಾಳಿಕೆ ಮೆತ್ತಗಾಯಿತು ಅಂತ ಅದನ್ನೆಲ್ಲ ಮರೆಯಬೇಡಿ.

ಉತ್ತರ 2

ಮೇಲಿನವರ ಅಂಕಿಗಳು ಸರಿ, ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಆ 62 ಸಾವಿರ ಜನರೂ ಮೂರನೆಯವರು ಇಲ್ಲದಿದ್ದರೆ ರಿಪಬ್ಲಿಕನ್ನರಿಗೇ ಹಾಕುತ್ತಿದ್ದರು ಅಂತ ಹೇಗೆ ಹೇಳುತ್ತೀರಿ? ಕೆಲವರು ಡೆಮಾಕ್ರಟರಿಗೆ ಹಾಕುತ್ತಿದ್ದರು, ಕೆಲವರು ಮನೆಯಲ್ಲೇ ಇರುತ್ತಿದ್ದರು. ಓಟು ಪಕ್ಷದ ಆಸ್ತಿಯಲ್ಲ, ಕಳೆದುಕೊಂಡೆವು ಅಂತ ಅಳುವುದಕ್ಕೆ.

ನನಗೆ ಮುಖ್ಯ ಅನ್ನಿಸುವುದು ಬೇರೆ. ಏನೇ ಮಾಡಿದರೂ ಇವರು ನಮಗೇ ಹಾಕುತ್ತಾರೆ ಅಂತ ಗೊತ್ತಾದ ದಿನದಿಂದ ಆ ಪಕ್ಷ ನಿಮ್ಮ ಮಾತು ಕೇಳುವುದಿಲ್ಲ. ಯಾಕೆ ಕೇಳಬೇಕು? ಅವರು ಓಡುವುದು ಕೈತಪ್ಪಬಹುದಾದ ಓಟಿನ ಹಿಂದೆ. 1992ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ವತಂತ್ರವಾಗಿ ನಿಂತ ರಾಸ್ ಪೆರೋ ಸುಮಾರು 19 ಶೇಕಡ ಓಟು ತೆಗೆದುಕೊಂಡರು, ಎಲೆಕ್ಟೋರಲ್ ಓಟು (ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಷ್ಟು ಅಂತ ಇರುವ ಓಟು) ಒಂದೂ ಸಿಗಲಿಲ್ಲ. ಹಾಗಂತ ಅದು ಸುಮ್ನೆ ಹೋಯಿತಾ? ಟಿವಿಯಲ್ಲಿ ಅರ್ಧ ಗಂಟೆ ಕೂತು ಚಾರ್ಟ್ ಹಿಡಿದು ಬಜೆಟ್ ಕೊರತೆಯ ಲೆಕ್ಕ ತೋರಿಸಿದ ಮನುಷ್ಯ ಅವರು, ಆಮೇಲೆ ಎರಡೂ ಪಕ್ಷಗಳು ಆ ಓಟುಗಳಿಗಾಗಿ ಕೊರತೆಯ ಮಾತಾಡಲೇಬೇಕಾಯಿತು, 1998ರಲ್ಲಿ ಬಜೆಟ್ ಮಿಗತೆಗೂ ಬಂತು. ಅವರೊಬ್ಬರಿಂದಲೇ ಆಯಿತು ಅಂತಲ್ಲ. ಆದರೆ ಆ ಓಟುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅನ್ನುವುದು ಸುಳ್ಳು.

ಇನ್ನೊಂದು. ನೀವು ಒಪ್ಪದವರಿಗೆ ಓಟು ಹಾಕಿ ಬಂದರೆ, ಎಣಿಸುವವರಿಗೆ ಅದು ಪೂರ್ತಿ ಒಪ್ಪಿಗೆಯಾಗೇ ಕಾಣುತ್ತೆ. ಮೂಗು ಮುಚ್ಚಿಕೊಂಡು ಹಾಕಿದ ಓಟು ಅಂತ ಬೇರೆ ಕಾಲಂ ಇಲ್ಲ.

ಉತ್ತರ 3

ನಾನೂ ಜಾರ್ಜಿಯಾದವಳೇ, ಹಾಗಾಗಿ ಸ್ವಲ್ಪ ಕೆಲಸಕ್ಕೆ ಬರುವ ಮಾತು. ನಿಮ್ಮ ಅಭ್ಯರ್ಥಿಯ ಹೆಸರು ಬ್ಯಾಲೆಟ್ಟಿನಲ್ಲಿ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಹೆಸರು ಬರೆದು ಹಾಕಬಹುದು, ಟಚ್ ಸ್ಕ್ರೀನಿನಲ್ಲಿ ಟೈಪ್ ಮಾಡಿದರೆ ಪ್ರಿಂಟಾದ ಹಾಳೆಯಲ್ಲಿ ಬರುತ್ತೆ, ಸ್ಕ್ಯಾನರಿಗೆ ಹಾಕುವ ಮುಂಚೆ ಒಮ್ಮೆ ಓದಿಕೊಳ್ಳಿ. ಆದರೆ ಆ ವ್ಯಕ್ತಿ ಮೊದಲೇ ಅಧಿಕೃತವಾಗಿ ತಿಳಿಸಿರಬೇಕು, ಇಲ್ಲದಿದ್ದರೆ ಎಣಿಸುವುದೇ ಇಲ್ಲ. ಒಕ್ಲಹೋಮಾದಲ್ಲಂತೂ ಹೆಸರು ಬರೆಯುವ ಅವಕಾಶವೇ ಇಲ್ಲ.

ಹಾಗೇ, ಅಧ್ಯಕ್ಷ ಸ್ಥಾನ ಮತ್ತು ಸೆನೆಟ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಅಧ್ಯಕ್ಷರಿಗೆ ಇಲ್ಲಿ ಮರುಚುನಾವಣೆ ಇಲ್ಲ, ಒಂದು ಓಟು ಜಾಸ್ತಿ ಬಂದವರಿಗೆ ರಾಜ್ಯದ 16 ಎಲೆಕ್ಟೋರಲ್ ಓಟೂ ಹೋಗುತ್ತೆ. ಸೆನೆಟ್ಟಿಗೆ ಮೊದಲ ಸುತ್ತಿನಲ್ಲಿ ಮನಸ್ಸಿಗೆ ಒಪ್ಪಿದವರಿಗೆ ಹಾಕಿ, ಯಾರೂ 50 ದಾಟದೆ ಎರಡನೇ ಸುತ್ತು ಬಂದರೆ ಆಗ ಇಬ್ಬರಲ್ಲಿ ಒಬ್ಬರನ್ನು ಆರಿಸಬಹುದು. ಪರ್ಡ್ಯೂ ಸೋತದ್ದು ಆ ಎರಡನೇ ಸುತ್ತಿನಲ್ಲಿ, ಮೂರನೆಯವರೇ ಇಲ್ಲದ ಸುತ್ತಿನಲ್ಲಿ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಸೆನೆಟ್ಟಿನ ಲೆಕ್ಕ ನಾನು ಹೀಗೆ ಯೋಚಿಸಿರಲೇ ಇಲ್ಲ. ಅಮೆರಿಕನ್ ಸಾಲಿಡ್ಯಾರಿಟಿ ಪಕ್ಷದ ಬಗ್ಗೆ ಯಾರಿಗಾದರೂ ಗೊತ್ತಾ?

ಉತ್ತರ 2

ಗರ್ಭಪಾತಕ್ಕೆ ವಿರೋಧ, ಕುಟುಂಬದ ವಿಷಯದಲ್ಲೂ ನಿಮಗೆ ಹೊಂದುತ್ತೆ. ಆದರೆ ಮರಣದಂಡನೆಗೂ ವಿರೋಧ, ಬಡವರಿಗೆ ಸರ್ಕಾರ ನೆರವಾಗಬೇಕು ಅಂತಾರೆ. ಚಿಕ್ಕ ಸರ್ಕಾರ ಬೇಕು ಅನ್ನುವ ನಿಮಗೆ ಅಲ್ಲಿ ತಕರಾರು ಬರಬಹುದು. ಪೂರ್ತಿ ಓದಿ.

ಮತ್ತೆ, ನವೆಂಬರ್‌ವರೆಗೆ ಕಾಯಬೇಡಿ. ಜಾರ್ಜಿಯಾದಲ್ಲಿ ಪಕ್ಷದ ಹೆಸರಲ್ಲಿ ನೋಂದಣಿ ಇಲ್ಲ, ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲಿನ ಚುನಾವಣೆಯಲ್ಲಿ, ಯಾವ ಪಕ್ಷದ ಬ್ಯಾಲೆಟ್ ಬೇಕೋ ಕೇಳಿ ತೆಗೆದುಕೊಳ್ಳಬಹುದು. ನಿಮ್ಮ ತತ್ವದವರು ಅಲ್ಲಿ ನಿಂತಿದ್ದರೆ ಮೊದಲು ಅವರನ್ನು ಗೆಲ್ಲಿಸಲು ನೋಡಿ. ಅಲ್ಲೂ ಯಾರೂ ಇಲ್ಲ ಅಂದರೆ ಸಣ್ಣ ಪಕ್ಷದವರ ಜೊತೆ ಸಹಿ ಸಂಗ್ರಹಕ್ಕೆ ಹೋಗಿ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಸ್ವತಂತ್ರರ ಹೆಸರು ಇಲ್ಲಿನ ಬ್ಯಾಲೆಟ್ಟಿಗೆ ಬರಲು 7,500 ಸಹಿ ಬೇಕು, ಮನೆಮನೆ ತಿರುಗುವವರಿಲ್ಲದೆ ಎಷ್ಟೋ ಹೆಸರು ಅಲ್ಲೇ ನಿಂತುಹೋಗುತ್ತವೆ.