ತೋಟಕ್ಕೂ ಗುಡ್ಡಕ್ಕೂ ಒಂದೇ ಜೊತೆ ಬೂಟು ಸಾಕೇ?

ಪ್ರಶ್ನೆ: ಕೊಪ್ಪದ ತೋಟಿಗ

ಎಲ್ಲರಿಗೂ ನಮಸ್ಕಾರ. ಕೊಪ್ಪ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟವಿದೆ. ಕೆಳಗೆ ಅಡಿಕೆ, ಮೇಲಿನ ಗುಡ್ಡದಲ್ಲಿ ಕಾಫಿ. ವರ್ಷಕ್ಕೆ ಎರಡು ಮೂರು ಬಾರಿ ಅಕ್ಕನ ಮಕ್ಕಳನ್ನು ಕರೆದುಕೊಂಡು ಚಾರಣಕ್ಕೆ ಹೋಗುವ ಅಭ್ಯಾಸವೂ ಇದೆ. ಕಳೆದ ಜನವರಿಯಲ್ಲಿ ಕುಮಾರಪರ್ವತ ಹತ್ತಿ ಇಳಿಯುತ್ತಿದ್ದಾಗ, ಕಲ್ಲು ಮಂಟಪ ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ನನ್ನ ಬಲಗಾಲಿನ ಬೂಟಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು. ಭಟ್ಟರ ಮನೆ ತಲುಪುವಷ್ಟರಲ್ಲಿ ಎಡಗಾಲಿನದೂ ಹೋಯಿತು. ಅಲ್ಲಿಂದ ಕುಕ್ಕೆಯವರೆಗೆ ಬೂಟುಗಳನ್ನು ಪ್ಲಾಸ್ಟಿಕ್ ಹಗ್ಗದಿಂದ ಸುತ್ತಿ ಕಟ್ಟಿಕೊಂಡು ಇಳಿದೆ; ಮಕ್ಕಳಿಗೆ ಅದು ಈಗಲೂ ನಗೆಯ ವಿಷಯ.

ನನಗೆ ಅರ್ಥವಾಗದೆ ಉಳಿದಿರುವುದು ಇಷ್ಟು. ಆ ಬೂಟುಗಳನ್ನು ಕೊಂಡು ಐದು ವರ್ಷವಾಗಿದ್ದರೂ ಹಾಕಿಕೊಂಡದ್ದು ಹೆಚ್ಚೆಂದರೆ ಹತ್ತು ಸಲ. ಹಾಳಾಗಬಾರದೆಂದು ತೊಳೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದೆ. ಮೇಲಿನ ಚರ್ಮಕ್ಕೆ ಒಂದು ಗೀರೂ ಬಿದ್ದಿಲ್ಲ, ಆದರೆ ಅಟ್ಟೆಯ ಒಳಗಿನ ಬೂದು ಬಣ್ಣದ ಪದರವನ್ನು ಬೆರಳಿನಿಂದ ಒತ್ತಿದರೆ ಚಹಾದಲ್ಲಿ ನೆನೆದ ರಸ್ಕಿನಂತೆ ಉದುರುತ್ತದೆ. ಅಂಗಡಿಯವರು ಖಾತರಿಯ ಅವಧಿ ಮುಗಿದಿದೆ ಎಂದು ಕೈತೊಳೆದುಕೊಂಡರು.

ಈಗ ಹೊಸದನ್ನು ಕೊಳ್ಳಬೇಕು. ಮಳೆಗಾಲದಲ್ಲಿ ತೋಟದ ಕೆಲಸಕ್ಕೂ ಉಳಿದ ಕಾಲದಲ್ಲಿ ಚಾರಣಕ್ಕೂ ಆಗುವಂತಹ, ನೀರು ಒಳಗೆ ಬಿಡದ ಒಂದೇ ಜೊತೆಯನ್ನು ಆರೇಳು ಸಾವಿರ ರೂಪಾಯಿಗೆ ಕೊಳ್ಳಬಹುದೇ? ಏನನ್ನು ನೋಡಿ ಆರಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ: ಅಂಟು ಮತ್ತು ಹೊಲಿಗೆ

ಮಾನ್ಯರೆ, ನಾನು ತಮಿಳುನಾಡಿನ ಆಂಬೂರಿನ ಪಾದರಕ್ಷೆ ಕಾರ್ಖಾನೆಗಳಲ್ಲಿ ಹನ್ನೆರಡು ವರ್ಷ ದುಡಿದವನು. ನಿಮ್ಮ ಬೂಟುಗಳು ಹಾಳಾಗಿದ್ದು ಬಳಸಿದ್ದರಿಂದಲ್ಲ, ಜೋಪಾನ ಮಾಡಿದ್ದರಿಂದ. ಅಂಗಾಲಿಗೂ ನೆಲಕ್ಕೆ ತಾಗುವ ರಬ್ಬರಿಗೂ ನಡುವೆ ಇರುವ ಮೆತ್ತನೆಯ ಪದರವನ್ನು ಅನೇಕ ಬೂಟುಗಳಲ್ಲಿ ಪಾಲಿಯುರೆಥೇನ್ ಎಂಬ ನೊರೆಯಿಂದ ಮಾಡುತ್ತಾರೆ. ಅದು ಭಾರವನ್ನು ಚೆನ್ನಾಗಿ ಹೊರುತ್ತದೆ, ಬೇಗನೆ ಚಪ್ಪಟೆಯಾಗುವುದಿಲ್ಲ. ಆದರೆ ಗಾಳಿಯ ತೇವಾಂಶ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಬೂಟು ಕಾಲಿನಲ್ಲಿದ್ದರೂ ಪೆಟ್ಟಿಗೆಯಲ್ಲಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಬೆಚ್ಚಗಿನ, ತೇವವಿರುವ, ಗಾಳಿಯಾಡದ ಜಾಗದಲ್ಲಿ ಇನ್ನೂ ಬೇಗ ನಡೆಯುತ್ತದೆ. ಮಲೆನಾಡಿನ ಅಟ್ಟ, ಅದರ ಮೇಲೆ ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರು ಎಂದರೆ ಆ ನೊರೆಯನ್ನು ಕೊಲ್ಲಲು ಬೇರೆ ಏರ್ಪಾಡೇ ಬೇಡ.

ಆದ್ದರಿಂದ ಕೊಳ್ಳುವಾಗ ತಯಾರಾದ ತಿಂಗಳು ಮತ್ತು ವರ್ಷವನ್ನು ಮೊದಲು ನೋಡಿ. ಅರ್ಧ ಬೆಲೆಗೆ ಸಿಗುವ ಹಳೆಯ ದಾಸ್ತಾನು ಈ ವಿಷಯದಲ್ಲಿ ಲಾಭದ ವ್ಯಾಪಾರವಲ್ಲ. ನಡುವಿನ ಪದರ ಇವಿಎ ಎಂಬ ಬೇರೊಂದು ನೊರೆಯದಾಗಿದ್ದರೆ ಹೀಗೆ ಪುಡಿಯಾಗುವ ಭಯವಿಲ್ಲ. ಅದು ಹಗುರವೂ ಹೌದು, ಆದರೆ ನಡೆದಂತೆಲ್ಲ ಅಮುಕಿ ಅಮುಕಿ ಪುಟಿತವನ್ನು ಕಳೆದುಕೊಳ್ಳುತ್ತದೆ. ಎಂದರೆ ಒಂದು ವಯಸ್ಸಿನಿಂದ ಸಾಯುತ್ತದೆ, ಇನ್ನೊಂದು ದುಡಿತದಿಂದ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಚಾರಣಕ್ಕೆ ಹೋಗುವವರಿಗೆ ನನ್ನ ಮತ ಇವಿಎಗೆ.

ಮೇಲ್ಭಾಗದ ಬಗ್ಗೆಯೂ ಒಂದು ಮಾತು. "ಅಸಲಿ ಚರ್ಮ" ಎಂದು ಬರೆದಿದ್ದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ತೊಗಲನ್ನು ಪದರ ಪದರವಾಗಿ ಸೀಳಿದಾಗ ಕೂದಲಿದ್ದ ಮೇಲಿನ ಪದರದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಬಾಳಿಕೆ ಇರುವುದು ಅದಕ್ಕೇ. ಕೆಳಗಿನ ಸೀಳು ಪದರಕ್ಕೆ ಬಣ್ಣದ ಲೇಪ ಕೊಟ್ಟು ಮಾರುವುದೂ ಚರ್ಮವೇ, ಸುಳ್ಳಲ್ಲ, ಆದರೆ ಬೆರಳುಗಳು ಮಡಿಯುವ ಜಾಗದಲ್ಲಿ ಆ ಲೇಪ ಬಿರುಕು ಬಿಟ್ಟ ಮೇಲೆ ಅದು ನೀರನ್ನು ಬತ್ತಿಯಂತೆ ಹೀರುತ್ತದೆ. ಅಂಗಡಿಯಲ್ಲಿಯೇ ಆ ಜಾಗವನ್ನು ಬಲವಾಗಿ ಮಡಿಸಿ ನೋಡಿ: ಒಳ್ಳೆಯ ಚರ್ಮದಲ್ಲಿ ಸಣ್ಣ ಸಣ್ಣ ನೆರಿಗೆಗಳು ಮೂಡಿ ಮಾಯವಾಗುತ್ತವೆ, ಲೇಪದ ಚರ್ಮದಲ್ಲಿ ಪ್ಲಾಸ್ಟಿಕ್ ಹಾಳೆಯಂತಹ ಒಂದೇ ದಪ್ಪ ಮಡಿಕೆ ನಿಲ್ಲುತ್ತದೆ.

ಅಟ್ಟೆಯನ್ನು ಅಂಚುಪಟ್ಟಿಯ ಜೊತೆಗೆ ಸುತ್ತಲೂ ಹೊಲಿದ ಬೂಟಾದರೆ ಸವೆದ ಮೇಲೆ ಬಿಚ್ಚಿ ಹೊಸದನ್ನು ಹಾಕಿಸಬಹುದು. ಬೆಲೆ ಹೆಚ್ಚು, ಭಾರವೂ ಹೆಚ್ಚು. ಒಂದು ಎಚ್ಚರಿಕೆ: ಬರೀ ಅಂಟಿಸಿದ ಅಟ್ಟೆಯ ಅಂಚಿನಲ್ಲಿ ಅಂದಕ್ಕೆಂದು ಹೊಲಿಗೆಯ ಗುರುತನ್ನು ಅಚ್ಚು ಹಾಕುವುದೂ ಉಂಟು. ಒಳಗಿನ ಮೆತ್ತೆಯನ್ನು ತೆಗೆದು, ಉಗುರಿನಿಂದ ದಾರವನ್ನು ಕೆದಕಿ ನೋಡಿದರೆ ಗೊತ್ತಾಗುತ್ತದೆ.

ಉತ್ತರ: ಬೆಟ್ಟದ ಹಾದಿ

ಮೇಲಿನವರು ಬೂಟಿನ ಬಗ್ಗೆ ಹೇಳಿದರು, ನಾನು ಕಾಲಿನ ಬಗ್ಗೆ ಹೇಳುತ್ತೇನೆ. ಎಂಟು ವರ್ಷಗಳಿಂದ ಚಾರಣದ ತಂಡಗಳನ್ನು ಕರೆದೊಯ್ಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಕುಂಟುತ್ತಾ ಕುಳಿತವರಲ್ಲಿ ಕಳಪೆ ಬೂಟಿನವರಿಗಿಂತ ಅಳತೆ ತಪ್ಪಿದ ಒಳ್ಳೆಯ ಬೂಟಿನವರೇ ಹೆಚ್ಚು.

ಬೂಟನ್ನು ಬೆಳಿಗ್ಗೆ ಕೊಳ್ಳಬೇಡಿ, ಸಂಜೆ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿಕೊಂಡಿರುತ್ತದೆ, ಬೆಟ್ಟದಲ್ಲಿಯೂ ಅದೇ ಆಗುವುದು. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ತೊಟ್ಟು ಹೋಗಿ. ಎರಡು ಪಾದಗಳೂ ಒಂದೇ ಅಳತೆಯಲ್ಲಿರುವುದು ಅಪರೂಪ, ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಿ. ಲೇಸು ಕಟ್ಟದೆ ಬೆರಳುಗಳನ್ನು ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ನಿಮ್ಮ ತೋರುಬೆರಳು ಇಳಿಯುವಷ್ಟು ಜಾಗವಿರಬೇಕು. ಲೇಸು ಬಿಗಿದ ಮೇಲೆ ನಡೆದರೆ ಹಿಮ್ಮಡಿ ಮೇಲೇಳಬಾರದು. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಸುಮಾರು 8.5 ಮಿಲಿಮೀಟರ್ ಮಾತ್ರ, ಆದರೆ ಕುಮಾರಪರ್ವತದಂತಹ 1,712 ಮೀಟರ್ ಎತ್ತರದ ಶಿಖರದಿಂದ ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳುಗಳು ಮುಂದಕ್ಕೆ ಗುದ್ದುವುದರಿಂದ, ಹೆಬ್ಬೆರಳಿನ ಉಗುರು ಕಪ್ಪಾಗುವುದೋ ಉಳಿಯುವುದೋ ಎಂಬುದು ಆ 8.5 ಮಿಲಿಮೀಟರಿನಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಅಂಗಡಿಯಲ್ಲಿ ಇಳಿಜಾರು ಹಲಗೆ ಇಲ್ಲದಿದ್ದರೆ ಮೆಟ್ಟಿಲು ಇರುತ್ತದೆಯಲ್ಲ, ನಾಲ್ಕು ಸಲ ಹತ್ತಿ ಇಳಿಯಿರಿ. ಸಂಕೋಚ ಬೇಡ.

ಇನ್ನು "ನೀರು ಒಳಗೆ ಬಿಡದ" ಎಂಬ ನಿಮ್ಮ ಷರತ್ತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ವಸ್ತುವನ್ನು ಸರಕ್ಕನೆ ಎಳೆದು ಹಿಗ್ಗಿಸಿ ಕಂಡುಕೊಂಡ ಪೊರೆಯೇ ಇಂದಿನ ಗೋರ್‌ಟೆಕ್ಸ್. ಅದರ ರಂಧ್ರಗಳಲ್ಲಿ ನೀರಿನ ಹನಿ ತೂರದು, ಬೆವರಿನ ಆವಿ ತೂರುತ್ತದೆ. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋದಾಗ ಹಿಮದಲ್ಲಿ ದಿನವಿಡೀ ನಡೆದರೂ ನನ್ನ ಕಾಲು ಒಣಗಿಯೇ ಇತ್ತು. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಜುಲೈ ತಿಂಗಳ ಕುದುರೆಮುಖದಲ್ಲಿ ಗಾಳಿಯೇ ನೀರಾಗಿರುತ್ತದೆ, ಬೂಟಿನ ಹೊರಬಟ್ಟೆಯೂ ನೆನೆದು ಮುದ್ದೆಯಾಗಿರುತ್ತದೆ. ಬೆವರು ಒಳಗೇ ಉಳಿಯುತ್ತದೆ. ಅದರ ಮೇಲೆ ಒಂದು ಹಳ್ಳ ದಾಟಿದರೆ ಸಾಕು, ಮೇಲಿನ ಬಾಯಿಂದ ನುಗ್ಗಿದ ನೀರನ್ನು ಅದೇ ಪೊರೆ ಹೊರಗೆ ಬಿಡದೆ ಕಾಪಾಡುತ್ತದೆ. ನಮ್ಮ ಘಟ್ಟದ ಮಳೆಗೆ ನೀರು ಬೇಗ ಬಸಿದುಹೋಗುವ, ಜಾಲರಿ ಬಟ್ಟೆಯ ಬೂಟೇ ಮೇಲು. ಒದ್ದೆಯಾಗುವುದನ್ನು ತಪ್ಪಿಸಲಾಗದು, ಬೇಗ ಒಣಗಿಸಿಕೊಳ್ಳಬಹುದು.

ಹತ್ತಿಯ ಕಾಲುಚೀಲವನ್ನು ಮರೆತುಬಿಡಿ. ಒದ್ದೆಯಾದ ಹತ್ತಿ ಚರ್ಮವನ್ನು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ಉಣ್ಣೆ ಬೆರೆತದ್ದು ಒದ್ದೆಯಾದರೂ ಕಾಲಿಗೆ ಹಿತವಾಗಿರುತ್ತದೆ. ಉಂಬಳದ ಕಾಟಕ್ಕೆ ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಹೊಲಿಸಿದ ಚೀಲವೇ ಖಚಿತವಾದ ಉಪಾಯ. ಉಪ್ಪು ಹಚ್ಚಿಕೊಂಡು ಹೊರಟವರ ಉಪ್ಪು ಮೊದಲ ಹಳ್ಳದಲ್ಲಿಯೇ ತೊಳೆದುಹೋಗುತ್ತದೆ.

ಉತ್ತರ: ಮೂಡಿಗೆರೆಯ ಬೆಳೆಗಾರ್ತಿ

ತಮ್ಮಾ, ಇಬ್ಬರೂ ಹೇಳಿದ್ದು ಸರಿಯೇ, ಆದರೆ ಇಬ್ಬರೂ ತೋಟವನ್ನು ಮರೆತರು. ಒಂದೇ ಜೊತೆಯಲ್ಲಿ ಎರಡನ್ನೂ ಸಾಗಿಸುವ ಆಸೆಯನ್ನು ಬಿಡಿ. ನಾನೂ ಒಮ್ಮೆ ಚರ್ಮದ ಬೂಟು ಹಾಕಿಕೊಂಡು ಕೊಳೆ ಔಷಧಿ ಹೊಡೆಸಲು ನಿಂತವಳು. ಮೈಲುತುತ್ತ ಮತ್ತು ಸುಣ್ಣದ ಆ ನೀರು ದಿನವಿಡೀ ತೊಟ್ಟಿಕ್ಕಿ, ಒಂದೇ ಹಂಗಾಮಿನಲ್ಲಿ ಚರ್ಮ ಹಪ್ಪಳದಂತೆ ಸೆಟೆದುಕೊಂಡಿತು. ತೋಟಕ್ಕೆ ಮೊಣಕಾಲಿನ ಹತ್ತಿರಕ್ಕೆ ಬರುವ ಗಂಬೂಟೇ ಆಗಬೇಕು. ಹೊರಗೆ ತೊಳೆದರೆ ಮುಗಿಯಿತು.

ಗಂಬೂಟಿನಲ್ಲಿಯೂ ಎರಡು ಜಾತಿ ಇದೆ. ಅಗ್ಗದ ಪಿವಿಸಿಯದು ಕೆಲವು ತಿಂಗಳಲ್ಲಿ ಗಡುಸಾಗಿ, ಕಾಲು ಮಡಿಯುವ ಜಾಗದಲ್ಲಿ ಸೀಳುತ್ತದೆ. ರಬ್ಬರಿನದು ಮೆತ್ತಗಿದ್ದು ಕಾಲಿನ ಜೊತೆ ಬಾಗುತ್ತದೆ, ಆದರೆ ಬಿಸಿಲು ಮತ್ತು ವೀಡ್ ಕಟ್ಟರಿನ ಎಣ್ಣೆ ಅದಕ್ಕೆ ಆಗದು. ದರಗಿನಲ್ಲಿ ಕೊಳಕುಮಂಡಲ ಮಲಗಿದ್ದರೆ ನಮಗೆ ಕಾಣುವುದಿಲ್ಲ. ತೋಟಗಳಲ್ಲಿ ಹಾವು ಕಚ್ಚುವುದು ಬಹುಪಾಲು ಪಾದಕ್ಕೆ, ಇಲ್ಲವೇ ಮೊಣಕಾಲಿನ ಕೆಳಗೆ, ಹೀಗಾಗಿ ಆ ಎತ್ತರದ ರಬ್ಬರಿಗೆ ಕೊಟ್ಟ ಹಣ ದಂಡವಲ್ಲ. ನಮ್ಮ ಆಳುಗಳಿಗೂ ಪ್ರತಿ ಮಳೆಗಾಲಕ್ಕೆ ಒಂದೊಂದು ಜೊತೆ ಕೊಡಿಸುತ್ತೇನೆ. ಅಳತೆ ಕೇಳದೆ ಎಲ್ಲರಿಗೂ ಎಂಟನೇ ನಂಬರು ತರುವ ಮಾಲೀಕರನ್ನು ಕಂಡಿದ್ದೇನೆ. ಹೆಂಗಸರು ಅದರಲ್ಲಿ ಬಟ್ಟೆ ತುರುಕಿಕೊಂಡು ನಡೆಯುತ್ತಾರೆ.

ಗಂಬೂಟಿನ ದೊಡ್ಡ ದೋಷ ಹಾವಸೆ. ಒದ್ದೆಯಾದ ಜಂಬಿಟ್ಟಿಗೆಯ ಮೆಟ್ಟಿಲಿನ ಮೇಲೆ ಅದು ಜಾರುವಷ್ಟು ಬರಿಗಾಲೂ ಜಾರುವುದಿಲ್ಲ. ಅಟ್ಟೆಯ ಹಲ್ಲುಗಳು ಆಳವಾಗಿ, ಒಂದಕ್ಕೊಂದು ದೂರದೂರವಾಗಿರಲಿ. ಒತ್ತಾಗಿದ್ದರೆ ಕೆಸರು ಸಿಕ್ಕಿಕೊಂಡು ಹತ್ತು ಹೆಜ್ಜೆಯಲ್ಲಿ ಅಟ್ಟೆ ನುಣ್ಣಗಾಗುತ್ತದೆ. ಮರ ಕೊಯ್ಯುವ, ದಿಮ್ಮಿ ಉರುಳಿಸುವ ಕೆಲಸವಿದ್ದರೆ ಮುಂಭಾಗದಲ್ಲಿ ಉಕ್ಕಿನ ಟೊಪ್ಪಿ ಇರುವುದನ್ನೇ ಕೊಳ್ಳಿ. ಐಎಸ್ 15298 ಎಂಬ ನಮ್ಮ ದೇಶದ ಮಾನಕದಲ್ಲಿ ಸುರಕ್ಷತಾ ಬೂಟಿನ ಆ ಟೊಪ್ಪಿ 200 ಜೂಲ್ ಹೊಡೆತವನ್ನು ತಡೆಯಬೇಕೆಂದಿದೆ, ಎಂದರೆ ಇಪ್ಪತ್ತು ಕಿಲೋ ತೂಕ ಸುಮಾರು ಒಂದು ಮೀಟರ್ ಮೇಲಿನಿಂದ ಬಿದ್ದಷ್ಟು. ಆದರೆ ಅದನ್ನು ಹಾಕಿಕೊಂಡು ಬೆಟ್ಟ ಇಳಿಯಬೇಡಿ, ಬೆರಳುಗಳು ಉಕ್ಕಿಗೆ ಬಡಿದು ಜೀವ ಹಿಂಡುತ್ತದೆ.

ಗಂಬೂಟಿನೊಳಗೆ ಕಾಲು ಬೆವರಿ ಬೆಂದಂತಾಗುತ್ತದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕಳಚಿ, ಕಾಲನ್ನು ಒಣ ಬಟ್ಟೆಯಿಂದ ಬೆರಳ ಸಂದಿಯವರೆಗೆ ಒರೆಸಿ, ಕಾಲುಚೀಲ ಬದಲಿಸಿದರೆ ಕೆಸರುಹುಣ್ಣಿನ ತೊಂದರೆ ಬಹಳ ಕಡಿಮೆ. ರಾತ್ರಿ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿಡಿ, ಬೆಳಿಗ್ಗೆ ಹಾಕುವ ಮುನ್ನ ಕೊಡವಿ. ಕಳೆದ ಶ್ರಾವಣದಲ್ಲಿ ನಮ್ಮವರ ಬೂಟಿನಿಂದ ಅಂಗೈಯಗಲದ ಚೇಳು ಬಿತ್ತು.

ಇನ್ನೊಂದು ವಿಷಯದಲ್ಲಿ ಮೇಲಿನ ಚಾರಣದವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಜಾಲರಿ ಬೂಟು ಬೇಗ ಒಣಗುತ್ತದೆ ಎಂದರಲ್ಲ, ಆಷಾಢದಲ್ಲಿ ನಮ್ಮ ಕಡೆ ಯಾವುದು ಬೇಗ ಒಣಗುತ್ತದೆ? ಕೊನೆಗೆ ಎಲ್ಲರೂ ಬಚ್ಚಲ ಒಲೆಯ ಮುಂದೆಯೇ ಇಡುತ್ತಾರೆ, ಅಲ್ಲಿಗೆ ಅಂಟು ಬಿಡುತ್ತದೆ, ಚರ್ಮ ಸುಕ್ಕಾಗುತ್ತದೆ.

ಉತ್ತರ: ಬೆಟ್ಟದ ಹಾದಿ

ಅಕ್ಕ, ನೀವು ಹೇಳಿದ್ದು ನಿಜ, ನಾನು ಮೈಸೂರಿನ ಹವೆಯಲ್ಲಿ ಕುಳಿತು ಬರೆದೆ. ಒಳಗಿನ ಮೆತ್ತೆಯನ್ನು ಹೊರತೆಗೆದು, ಬೂಟಿನೊಳಗೆ ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿದರೆ ಒಲೆಯ ಹಂಗಿಲ್ಲದೆ ಸಾಕಷ್ಟು ಒಣಗುತ್ತದೆ. ಒಲೆಯ ಎದುರಿಗಿಂತ ಫ್ಯಾನಿನ ಕೆಳಗೆ ಇಡುವುದು ಒಳ್ಳೆಯದು, ಕರೆಂಟು ಇದ್ದರೆ.

ಪ್ರಶ್ನೆ ಕೇಳಿದವರು: ಕೊಪ್ಪದ ತೋಟಿಗ (ಆರು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರ ಮಾತಿನಂತೆ ತೋಟಕ್ಕೆ ರಬ್ಬರಿನ ಗಂಬೂಟು ಕೊಂಡೆ. ಚಾರಣಕ್ಕೆ ಕಣಕಾಲು ಮುಚ್ಚುವ, ಇವಿಎ ಪದರದ ಚರ್ಮದ ಬೂಟನ್ನು ಸಂಜೆ ಆರು ಗಂಟೆಗೆ ಹೋಗಿ, ಅಂಗಡಿಯ ಮೆಟ್ಟಿಲು ಹತ್ತಿ ಇಳಿದು, ನನ್ನ ಎಂದಿನ ಅಳತೆಗಿಂತ ಒಂದು ಸಂಖ್ಯೆ ಹೆಚ್ಚಿಗೆ ತೆಗೆದುಕೊಂಡೆ. ಎರಡು ವಾರ ಮನೆಯಿಂದ ಪೇಟೆಗೆ ಅದರಲ್ಲಿಯೇ ಓಡಾಡಿ ಪಳಗಿಸಿ, ಕಳೆದ ಭಾನುವಾರ ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತಿ ಇಳಿದೆವು. ಉಗುರುಗಳು ಸುರಕ್ಷಿತವಾಗಿವೆ. ಎಡಗಾಲಿನ ಮೇಲ್ಭಾಗದಲ್ಲಿ ಮಾತ್ರ ಲೇಸು ಒತ್ತುತ್ತಿತ್ತು. ಆ ಜಾಗದ ಒಂದು ಜೊತೆ ತೂತುಗಳನ್ನು ಬಿಟ್ಟು ಕಟ್ಟಿದ ಮೇಲೆ ಅದೂ ಹೋಯಿತು.

ಹಳೆಯ ಬೂಟಿನ ಚರ್ಮ ಇನ್ನೂ ಗಟ್ಟಿಯಾಗಿರುವುದರಿಂದ ಎಸೆಯಲು ಮನಸ್ಸಾಗುತ್ತಿಲ್ಲ. ನಮ್ಮ ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರೊಬ್ಬರು ಎಂಟುನೂರು ರೂಪಾಯಿಗೆ ಹೊಸ ರಬ್ಬರ್ ಅಟ್ಟೆ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಅಂಟು ಮತ್ತು ಹೊಲಿಗೆ

ಹಾಕಿಸಿ. ಆದರೆ ಉದುರುತ್ತಿರುವ ಬೂದು ಪದರವನ್ನು ಒಂದು ಚೂರೂ ಉಳಿಯದಂತೆ ಹೆರೆದು ತೆಗೆದ ಮೇಲೆಯೇ ಅಂಟು ಹಚ್ಚಬೇಕೆಂದು ಮೊದಲೇ ಹೇಳಿ, ಸಾಧ್ಯವಾದರೆ ಎದುರಿಗೆ ಕುಳಿತು ಮಾಡಿಸಿ. ಇಲ್ಲದಿದ್ದರೆ ಹೊಸ ಅಟ್ಟೆ ಹಿಡಿದುಕೊಳ್ಳುವುದು ಬೂಟನ್ನಲ್ಲ, ಆ ಪುಡಿಯನ್ನು. ಅಂಚಿನಲ್ಲಿ ಸುತ್ತಲೂ ಒಂದು ಸುತ್ತು ಕೈಹೊಲಿಗೆಯನ್ನೂ ಹಾಕಿಸಿ, ಅದಕ್ಕೆ ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ.